ಝಡ್ ಡ್ರೈವ್

ಪಾಸ್‌ವರ್ಡ್ ಒತ್ತಿದ್ದಾಯಿತು. ಸ್ವಾಗತ ಎಂದಿತು.
ಆಮೇಲೆ ಹೊಸ್ತಿಲಲ್ಲೇ ನಿಲ್ಲಿಸಿಕೊಂಡಿತು,
ಒಳಗೆ ಕರೆದೂ ಕುರ್ಚಿ ತೋರಿಸದ ಬೀಗರಂತೆ.
ಚುಕ್ಕಿಗಳ ಉಂಗುರ ಸುತ್ತಿತು, ಸುತ್ತಿತು.

ಜೆಸ್ತಾಫೋನಿಯ ಜನನ ಮರಣ ನೋಂದಣಿ ಕಚೇರಿ,
ಎರಡನೇ ಕಿಟಕಿ, ನಾಜಿಬ್ರೋಲಾ ಅವರ ಮೇಜು.
"ನಾಲ್ಕು ನಿಮಿಷ ಹನ್ನೆರಡು ಸೆಕೆಂಡು" ಎಂದರು
ಗಡಿಯಾರ ನೋಡದೆ, ಮಗುವಿನ ಜ್ವರ ಹೇಳುವ ಹಾಗೆ.
"ಆರು ವರ್ಷದಿಂದ ಇಷ್ಟೇ. ಹೆಚ್ಚಿಲ್ಲ, ಕಮ್ಮಿಯಿಲ್ಲ."

ನಾನು ಕುತಾಯಿಸಿಯಿಂದ ಮಿನಿಬಸ್ಸಿನಲ್ಲಿ ಬಂದವನು,
ಜೇಬಿನಲ್ಲಿ ಎರಡು ಪೆನ್‌ಡ್ರೈವು, ಒಂದು ಸ್ಕ್ರೂಡ್ರೈವರು.
ಮೊದಲ ಅನುಮಾನ ಯಾರಿಗೂ ಬರುವಂಥದೇ:
ಬಾಗಿಲು ತೆರೆದೊಡನೆ ಎದ್ದು ನಿಲ್ಲುವ ದಂಡು.
ಎಂದೋ ಮಾರಿಹೋದ ಪ್ರಿಂಟರಿನ ಭಟ,
ತಿಬಿಲಿಸಿಯ ಹವಾಮಾನ ಮಾತ್ರ ಗೊತ್ತಿರುವ ಜೋಯಿಸ,
ಒಂದನ್ನೊಂದು ಕಳ್ಳನೆಂದು ಕೊರಳಪಟ್ಟಿ ಹಿಡಿದು ಕೂತ
ಎರಡು ಆಂಟಿವೈರಸ್ಸು.
ಎಲ್ಲರನ್ನೂ ಮನೆಗೆ ಕಳಿಸಿ ಮತ್ತೆ ಲಾಗಿನ್ ಆದೆ.
ನಾಲ್ಕು ನಿಮಿಷ ಎರಡು ಸೆಕೆಂಡು.
ಹತ್ತು ಸೆಕೆಂಡು ಗೆದ್ದ ಶೂರ.

ಡಿಸ್ಕು ಗಟ್ಟಿಯಿತ್ತು. ಮೆಮೊರಿಗೆ ಬರವಿರಲಿಲ್ಲ.
ಫ್ಯಾನಿಗೆ ಊದಿದರೆ ಬೂದು ಕೂದಲು ಹಾರಿ ಮೂಗಿಗೆ ಬಂತು.
"ಫೀಸೋನದು" ಎಂದರು. ಬೆಕ್ಕು ಫೈಲುಗಳ ಮೇಲಿಂದ
ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡಿತು.

ಕಿಟಕಿಯಾಚೆ ಸಾಲು ಬೆಳೆಯುತ್ತಿತ್ತು. ಯಾರೂ ಗೊಣಗಲಿಲ್ಲ;
ನನಗೆ ಅದೇ ಸೋಜಿಗ.
ಉಂಗುರ ಸುತ್ತತೊಡಗಿದ್ದೇ ತಡ ನಾಜಿಬ್ರೋಲಾ
ಕಿತ್ತಳೆ ಸುಲಿದು ಒಂದು ತೊಳೆ ಕಿಂಡಿಯಾಚೆ ಸರಿಸುವರು:
"ಹೇಳಿ, ಅಷ್ಟರಲ್ಲಿ."
ಟೋಪಿ ಕೈಯಲ್ಲಿ ಹಿಡಿದ ಮುದುಕ ಹೇಳಿದ,
ತೀರಿಕೊಂಡ ತಮ್ಮನಿಗೆ ಸಬ್ಬಸಿಗೆ ಸೊಪ್ಪು ಆಗುತ್ತಿರಲಿಲ್ಲವಂತೆ,
ಸಾರಿನಿಂದ ಎಳೆಯೆಳೆಯಾಗಿ ಆರಿಸಿ
ತಟ್ಟೆಯ ಅಂಚಿಗೆ ಅಂಟಿಸುತ್ತಿದ್ದನಂತೆ, ಎಪ್ಪತ್ತೊಂದು ವರ್ಷ.
ಫಾರಮ್ಮಿನಲ್ಲಿ ಅದಕ್ಕೆ ಕಾಲಮ್ಮಿಲ್ಲ.
ಅವರು ತಲೆದೂಗಿದರು, ಬೀಜ ಉಗುಳಿ ಬರಿಯ ಅಂಗೈಗೆ.

ಕೊನೆಗೆ ಲಾಗ್ ತೆರೆದೆ, ಸಾಲು ಸಾಲಾಗಿ ಓದಿದೆ.
ಅಲ್ಲಿತ್ತು. ಝಡ್ ಡ್ರೈವ್.
ನೆಲಮಾಳಿಗೆಯ ಸರ್ವರಿಗೆ ಕಟ್ಟಿದ ಹಗ್ಗ.
ನೀರಿನ ಪೈಪು ಒಡೆದ ಚಳಿಗಾಲ ಆ ಸರ್ವರನ್ನು
ಗುಜರಿಯವ ತಳ್ಳುಗಾಡಿಯಲ್ಲಿ ಒಯ್ದಿದ್ದ.
ಈ ಯಂತ್ರಕ್ಕೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ.
ದಿನಾ ಬೆಳಿಗ್ಗೆ ಮೆಟ್ಟಿಲಿಳಿದು ಕದ ತಟ್ಟುತ್ತದೆ,
ನಿಲ್ಲುತ್ತದೆ, ಮತ್ತೆ ತಟ್ಟುತ್ತದೆ.
ಇಲ್ಲ ಎಂದಿದ್ದರೆ ಆ ಕ್ಷಣವೇ ಹಿಂದಿರುಗುತ್ತಿತ್ತು.
ಇಲ್ಲ ಎನ್ನುವುದಕ್ಕೂ
ಒಳಗೆ ಯಾರಾದರೂ ಇರಬೇಕಲ್ಲ.

ಒಂದು ಕ್ಲಿಕ್ಕು. ಹಗ್ಗ ಕಳಚಿತು.
ಒಂಬತ್ತು ಸೆಕೆಂಡು!
ಎದ್ದು ಕೈ ಒರೆಸಿಕೊಂಡೆ, ಚಪ್ಪಾಳೆಗೆ ಕಾದವನಂತೆ.

ಮುಂದಿನವಳು ಎದೆಗೆ ಕೂಸು ಕಟ್ಟಿಕೊಂಡಿದ್ದಳು.
"ಹೇಳಿ" ಎಂದರು ನಾಜಿಬ್ರೋಲಾ.
ಅವಳು ಉಸಿರೆಳೆದು, ರಾತ್ರಿ ಮಂಜಿನಲ್ಲಿ ಕಾರು ನಿಂತು...
ಎನ್ನುವಷ್ಟರಲ್ಲಿ ಫಾರಮ್ಮು ತೆರೆದುಕೊಂಡು
ಖಾಲಿ ಚೌಕದಲ್ಲಿ ಕರ್ಸರು ಮಿಟುಕತೊಡಗಿತು:
ಹೆಸರು? ಹೆಸರು? ಹೆಸರು?
ಹುಡುಗಿ ಅದನ್ನು ಕಂಡು ಮಾತು ನುಂಗಿದಳು,
ಕಾಗದ ಹುಡುಕಲು ಚೀಲಕ್ಕೆ ಕೈ ಹಾಕಿದಳು.
ಅರ್ಧ ಸುಲಿದ ಕಿತ್ತಳೆ ಮೇಜಿನ ಮೇಲೆ.

ನಾಜಿಬ್ರೋಲಾ ನನ್ನತ್ತ ಒಮ್ಮೆ ನೋಡಿದರು.
ಪರದೆಯನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿ,
ಮೌಸನ್ನು ಸುಮ್ಮಸುಮ್ಮನೆ ಅತ್ತಿತ್ತ ಆಡಿಸಿ,
"ಹಾಳಾದ್ದು, ಇನ್ನೂ ಸುತ್ತುತ್ತಲೇ ಇದೆ ಕಣಮ್ಮ" ಎಂದರು,
"ಕಾರು ನಿಂತಿತು, ಆಮೇಲೆ?"

ನಾನು ಬಿಲ್ಲು ಬರೆಯುತ್ತಿದ್ದೆ.
ತಲೆ ಎತ್ತಲಿಲ್ಲ.